ನಗಿಸುವವನ ಜಾತಿ ಯಾವುದು?

2009ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ಸಮೀಪದ ಒತ್ತಿನೆಣೆ ಕಡಲತೀರದಲ್ಲಿ ನಿರ್ದೇಶಕ ಹೇಮಂತ್ ಹೆಗಡೆ ತಮ್ಮ ಕನ್ನಡ ಚಿತ್ರಕ್ಕಾಗಿ ಚಾರ್ಲಿ ಚಾಪ್ಲಿನ್‌ನ 67 ಅಡಿ ಎತ್ತರದ ಪ್ರತಿಮೆ ನಿಲ್ಲಿಸಲು ಹೊರಟಿದ್ದರು. ವಿರೋಧ ಬಂತು. ಚಾಪ್ಲಿನ್ ಕ್ರೈಸ್ತ, ಹತ್ತಿರದಲ್ಲೇ ದೇವಸ್ಥಾನವಿದೆ ಎಂಬುದು ತಡೆದವರ ವಾದ. ಚಿತ್ರತಂಡ ಹಿಂದೆ ಸರಿಯಬೇಕಾಯಿತು.

ಪ್ರತಿಮೆ ಬೇಕೇಬೇಕಿತ್ತೆಂದು ನಾವು ಹಟ ಹಿಡಿಯುವವರಲ್ಲ. ಪ್ರತಿಮೆಗಳ ವಿಷಯದಲ್ಲಿ ನಮ್ಮ ಸಮುದಾಯದ ಒಲವು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಡಲ ದಂಡೆ ಹಾಳಾಗುತ್ತದೆ ಎಂದು ತಡೆದಿದ್ದರೆ ನಾವೂ ತಲೆದೂಗುತ್ತಿದ್ದೆವು. ನಮ್ಮ ತಕರಾರು ಕೊಟ್ಟ ಕಾರಣದ ಬಗ್ಗೆ.

ಯಾರು ಈ ಚಾಪ್ಲಿನ್? 1889ರಲ್ಲಿ ಹುಟ್ಟಿ ಲಂಡನ್ನಿನ ಬಡ ಓಣಿಗಳಲ್ಲಿ ಬೆಳೆದವನು. ತಂದೆ ಕುಡಿದು ಸತ್ತ. ತಾಯಿ ಮನೋರೋಗಿಗಳ ಆಸ್ಪತ್ರೆ ಸೇರಿದಳು. ಏಳು ವರ್ಷಕ್ಕೇ ಹುಡುಗ ದಿಕ್ಕಿಲ್ಲದವರ ಸರಕಾರಿ ಆಶ್ರಯಮನೆ ಕಂಡ. ಮುಂದೆ ಅಮೆರಿಕೆಗೆ ಹೋಗಿ 1914ರಲ್ಲಿ ದೊಗಳೆ ಪ್ಯಾಂಟು, ಬಿಗಿ ಕೋಟು, ಅಳತೆಗೆ ಮೀರಿದ ಬೂಟು ತೊಟ್ಟು ಅಲೆಮಾರಿಯಾಗಿ ತೆರೆಗೆ ಬಂದ. 'ದಿ ಗೋಲ್ಡ್ ರಶ್' (1925) ಚಿತ್ರದಲ್ಲಿ ಹಸಿವು ತಾಳದೆ ಬೂಟನ್ನೇ ಬೇಯಿಸಿ ತಿನ್ನುತ್ತಾನೆ. 'ಮಾಡರ್ನ್ ಟೈಮ್ಸ್' (1936) ಚಿತ್ರದಲ್ಲಿ ಲಾರಿಯಿಂದ ಬಿದ್ದ ಬಾವುಟವನ್ನು ಮರಳಿಸಲು ಎತ್ತಿ ಹಿಡಿದು ಓಡುತ್ತಾನೆ. ಅಷ್ಟರಲ್ಲಿ ಬೆನ್ನ ಹಿಂದೆ ಕಾರ್ಮಿಕರ ಮೆರವಣಿಗೆ ಬಂದಿರುತ್ತದೆ. ಇವನೇ ಮುಖಂಡನೆಂದು ಪೊಲೀಸರು ಹಿಡಿದೊಯ್ಯುತ್ತಾರೆ.

ನಮ್ಮ ಧಾರವಾಡ ಜಿಲ್ಲೆಯ ಎರೆನಾಡಿನವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. 1980ರ ಜುಲೈನಲ್ಲಿ ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. 2016ರ ಜುಲೈನಲ್ಲಿ, ಮಹದಾಯಿ ನೀರಿನ ಹೋರಾಟದ ಹೊತ್ತಿನಲ್ಲಿ, ಅದೇ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಮುದುಕರು, ಹೆಂಗಸರೆನ್ನದೆ ಬಡಿದರು. ಲಾಠಿ ಯಾರ ಧರ್ಮವನ್ನೂ ಕೇಳಲಿಲ್ಲ. ಹಸಿವೂ ಕೇಳುವುದಿಲ್ಲ. ಕೇಳುವವರು ಬೇರೆ ಇದ್ದಾರೆ.

ಅವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಾಜಿಗಳು ಚಾಪ್ಲಿನ್‌ನನ್ನು ಯಹೂದಿ ಎಂದು ಹಳಿದರು. ಆತ ಯಹೂದಿಯಾಗಿರಲಿಲ್ಲ. ಆದರೂ ಅಲ್ಲಗಳೆಯಲು ಹೋಗಲಿಲ್ಲ. ಅಲ್ಲಗಳೆದರೆ ಯಹೂದಿದ್ವೇಷಿಗಳ ಕೈಗೇ ಕೋಲು ಕೊಟ್ಟಂತೆ ಎಂಬುದು ಆತನ ನಿಲುವು. ಮೇಲಾಗಿ 'ದಿ ಗ್ರೇಟ್ ಡಿಕ್ಟೇಟರ್' (1940) ಚಿತ್ರದಲ್ಲಿ ಯಹೂದಿ ಕ್ಷೌರಿಕನಾಗಿ ನಿಂತು ಹಿಟ್ಲರನನ್ನು ಗೇಲಿ ಮಾಡಿದ. ಅಮೆರಿಕೆಯಲ್ಲಿ ಆತನನ್ನು ಕಮ್ಯುನಿಸ್ಟ್ ಎಂದು ಶಂಕಿಸಿ, 1952ರಲ್ಲಿ ವಿದೇಶಕ್ಕೆ ಹೊರಟವನ ಮರುಪ್ರವೇಶದ ಪರವಾನಗಿ ಕಿತ್ತುಕೊಂಡರು. ಬೈಂದೂರಿನಲ್ಲಿ ಆತ ಕ್ರೈಸ್ತನಾದ. 1923ರಲ್ಲೇ 'ದಿ ಪಿಲ್ಗ್ರಿಮ್' ಚಿತ್ರದಲ್ಲಿ ಪಾದ್ರಿಯ ಸೋಗು ಹಾಕಿದ ಕೈದಿಯಾಗಿ ಚರ್ಚಿನ ಡಂಭಾಚಾರವನ್ನೇ ನಗೆಪಾಟಲು ಮಾಡಿದವನಿಗೆ ಸತ್ತು ಮೂವತ್ತೊಂದು ವರ್ಷದ ಮೇಲೆ ಸಿಕ್ಕ ಪಟ್ಟ ಇದು!

ಕರಾವಳಿಯ ಮಾತು ನಮಗೇಕೆ ಎನ್ನಬೇಡಿ. ಆ ಗಾಳಿ ಘಟ್ಟ ಹತ್ತದೆ ಇರುವುದಿಲ್ಲ. ಅದಕ್ಕೆ ನಮ್ಮ ನೆಲದಲ್ಲೇ ಉತ್ತರವಿದೆ. ಲಾಠಿ ತಿಂದ ಅದೇ ಯಮನೂರಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ, ಒಬ್ಬನೇ ಸಂತ ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ. ಎರಡು ಹೆಸರಿದ್ದರೂ ಜಾತ್ರೆ ಒಂದೇ.

ಆದರೆ ಬೆರಳನ್ನು ಅತ್ತ ಮಾತ್ರ ತೋರಿಸಿ ಕೂತರೆ ನಾವು ಅಪ್ರಾಮಾಣಿಕರಾಗುತ್ತೇವೆ. ಮೊಹರಂ ಸೋಗು ಅನಾಚಾರ, ಸಂಗೀತ ಹರಾಮ್, ನಾಟಕ ಕಟ್ಟಿದ ಹುಡುಗಿ ದಾರಿ ತಪ್ಪಿದವಳು ಎನ್ನುವವರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಕುಂದಗೋಳದ ಸವಾಯಿ ಗಂಧರ್ವರಿಗೆ ಹಾಡು ಕಲಿಸಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಸಂಗೀತ ಹರಾಮೆಂದು ಉಸ್ತಾದರು ಬಾಯಿ ಮುಚ್ಚಿದ್ದರೆ, ಗುರು ಮುಸಲ್ಮಾನನೆಂದು ಶಿಷ್ಯರು ದೂರ ನಿಂತಿದ್ದರೆ, ಕುಂದಗೋಳಕ್ಕೆ ಇಂದಿನ ಹೆಸರು ಎಲ್ಲಿಂದ ಬರುತ್ತಿತ್ತು?

ಆ ಪ್ರತಿಮೆ ಹೋದರೆ ಹೋಗಲಿ. ಚಾಪ್ಲಿನ್‌ನ ಮೂಕಿಚಿತ್ರಗಳಿಗೆ ಭಾಷೆ ಬೇಡ. ಕಲಘಟಗಿಯಲ್ಲೋ ಅಣ್ಣಿಗೇರಿಯಲ್ಲೋ ಒಂದು ಶಾಲೆಯ ಗೋಡೆ, ಒಂದು ಬಿಳಿ ಬಟ್ಟೆ ಸಾಕು. ಎಲ್ಲ ಓಣಿಗಳ ಮಕ್ಕಳನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ತೋರಿಸೋಣ. ಜಾತಿ ಕೇಳಿ ನಗುವ ಮಗು ಒಂದಾದರೂ ಸಿಕ್ಕರೆ, ಅದಕ್ಕೆ ಆ ಪಾಠ ಹೇಳಿಕೊಟ್ಟ ದೊಡ್ಡವರು ಯಾರೆಂದು ಹುಡುಕಬೇಕು.