ಬಸಿರಿನ ಕಾಯಿಲೆಗೆ ವೇತನವೇಕಿಲ್ಲ?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರಜೆ ಮಂಜೂರು ಮಾಡುವ ಅಧಿಕಾರಿಯಾಗಿದ್ದ ನನ್ನ ಮುಂದೆ, ಅಂತರಸಂತೆಯಿಂದ ನಿತ್ಯ ಬಸ್ಸಿನಲ್ಲಿ ಬರುತ್ತಿದ್ದ ಮಹಿಳಾ ಗುಮಾಸ್ತರೊಬ್ಬರ ಅರ್ಜಿ ಬಂತು. ಮೂರು ತಿಂಗಳ ಗರ್ಭಿಣಿ. ನಿಲ್ಲದ ವಾಂತಿ, ನಿಶ್ಶಕ್ತಿ. ವೈದ್ಯರು ಮೂರು ವಾರಗಳ ವಿಶ್ರಾಂತಿ ಸೂಚಿಸಿದ್ದರು. ಸೇವೆಗೆ ಸೇರಿ ವರ್ಷ ತುಂಬಿರದ ಆಕೆಯ ರಜೆ ಖಾತೆ ಬಹುತೇಕ ಬರಿದಾಗಿತ್ತು. ‘ವೇತನರಹಿತ ಅಸಾಧಾರಣ ರಜೆ’ ಎಂದು ಬರೆದು ಸಹಿ ಹಾಕಿದೆ. ನಿಯಮದ ಪ್ರಕಾರ ಅದು ಸರಿಯೇ. ಆದರೆ ನಾಲ್ಕನೆಯ ದಿನವೇ ಆಕೆ ಕೆಲಸಕ್ಕೆ ಮರಳಿದರು. ಸಂಬಳ ಬಿಟ್ಟು ಮನೆಯಲ್ಲಿರುವ ಸ್ಥಿತಿ ಅವರದಾಗಿರಲಿಲ್ಲ. ಆ ಸಹಿ ಇಂದಿಗೂ ನನ್ನನ್ನು ಕಾಡುತ್ತದೆ.

ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ ಇಂದು 180 ದಿನಗಳ ಹೆರಿಗೆ ರಜೆ ಇದೆ. ಅದು ಸ್ವಾಗತಾರ್ಹ. ಆದರೆ ಹೆರಿಗೆ ಬೇರೆ, ಗರ್ಭಧಾರಣೆಯಿಂದ ಉಂಟಾಗುವ ಕಾಯಿಲೆ ಬೇರೆ. ಅತಿಯಾದ ವಾಂತಿ, ರಕ್ತದೊತ್ತಡ, ರಕ್ತಸ್ರಾವ ಇವು ಹೆರಿಗೆಯ ದಿನಾಂಕ ನೋಡಿ ಬರುವುದಿಲ್ಲ. ಆಗ ಆಕೆ ಗಳಿಕೆ ರಜೆಯನ್ನೋ, ವರ್ಷಕ್ಕೆ 20 ದಿನದಂತೆ ಜಮೆಯಾಗುವ ಅರ್ಧವೇತನ ರಜೆಯನ್ನೋ ನೆಚ್ಚಬೇಕು. ಇವು ಸೇವಾವಧಿಯೊಂದಿಗೆ ಬೆಳೆಯುವಂಥವು; ಗರ್ಭಧಾರಣೆಯಾದರೋ ಅನೇಕರಿಗೆ ಸೇವೆಯ ಆರಂಭದ ವರ್ಷಗಳಲ್ಲೇ. ಅಗತ್ಯ ಹೆಚ್ಚಿರುವಾಗಲೇ ಖಾತೆ ಬರಿದು.

ಆದರೆ ಕಾರ್ಖಾನೆಯ ಕೆಲಸಗಾರ್ತಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಇಂಥ ಕಾಯಿಲೆಗೆ ಒಂದು ತಿಂಗಳವರೆಗೆ ಹೆಚ್ಚುವರಿ ಸವೇತನ ರಜೆ ನೀಡಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳೆಯರಿಗೂ ಆ ಕಾಯ್ದೆಯ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿತು. ಖಾಸಗಿ ಮಾಲೀಕನಿಗೆ ವಿಧಿಸಿದ ಕರ್ತವ್ಯದಿಂದ ಸರ್ಕಾರವೆಂಬ ಮಾಲೀಕ ನುಣುಚಿಕೊಳ್ಳುವುದು ತರವೇ?

ಕಾಯಂ ನೌಕರರ ಪಾಡೇ ಹೀಗಿರುವಾಗ ಉಳಿದವರದೇನು? ಅಂತರಸಂತೆಯಂಥ ಕಾಡಂಚಿನ ಹೋಬಳಿಯಲ್ಲಿ ಗರ್ಭಿಣಿಯರ ಮನೆಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆಯರು. ಅವರ ಆದಾಯದ ಒಂದು ಭಾಗ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಅವರೇ ಬಸಿರಿನಲ್ಲಿ ಹಾಸಿಗೆ ಹಿಡಿದರೆ ಆ ಗಳಿಕೆ ನಿಲ್ಲುತ್ತದೆ.

ಬೊಕ್ಕಸಕ್ಕೆ ಹೊರೆಯೆಂಬ ಆಕ್ಷೇಪ ಬಂದೇ ಬರುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ರಜೆ ನಿರಾಕರಿಸಿದ ಮಾತ್ರಕ್ಕೆ ವೆಚ್ಚ ಇಲ್ಲವಾಗುವುದಿಲ್ಲ; ಅದು ಬೊಕ್ಕಸದಿಂದ ಒಂದು ಬಡ ಸಂಸಾರದ ಹೆಗಲಿಗೆ ವರ್ಗವಾಗುತ್ತದೆ, ಅಷ್ಟೆ. 2025ರಲ್ಲಿ ಋತುಚಕ್ರ ರಜೆಗೆ ಒಪ್ಪಿಗೆಯಿತ್ತ ರಾಜ್ಯ ಸಂಪುಟ, ವೈದ್ಯರ ಪ್ರಮಾಣಪತ್ರದ ಮೇಲೆ, ಖಾತೆಯಿಂದ ಕಳೆಯದ ಒಂದು ತಿಂಗಳ ಸವೇತನ ರಜೆಯನ್ನೂ ಸೇವಾ ನಿಯಮಗಳಿಗೆ ಸೇರಿಸಲಿ. ಗುತ್ತಿಗೆ ಮತ್ತು ಗೌರವಧನದ ಮೇಲೆ ದುಡಿಯುವವರನ್ನೂ ಒಳಗೊಳ್ಳಲಿ. ಅಂದು ನನ್ನ ಕೈ ಕಟ್ಟಿದ ನಿಯಮ ನಾಳಿನ ಅಧಿಕಾರಿಯ ಕೈ ಕಟ್ಟದಿರಲಿ.