ದುರಸ್ತಿ ದಾನವಲ್ಲ

ಮುಂಗಾರು ಬಂದರೆ ರೈತನಿಗೆ ಹರ್ಷ, ವಠಾರದ ಬಾಡಿಗೆದಾರನಿಗೆ ಕಳವಳ. ಹೆಂಚು ಸೋರುತ್ತದೆ, ಗೋಡೆ ನೆನೆಯುತ್ತದೆ, ಚರಂಡಿ ಉಕ್ಕಿ ಹೊಸ್ತಿಲು ದಾಟುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿ ಕೆಲಸಗಾರನಿಗೆ ಮೈ ಚಾಚಲು ಒಣಗಿದ ಮೂಲೆಯಿಲ್ಲ. ಪೇಟೆಯ ಚಿಲ್ಲರೆ ವ್ಯಾಪಾರಿಯ ಬೆಲ್ಲ ಗೋಣಿಯಲ್ಲೇ ಕರಗುತ್ತದೆ. ಬಾಡಿಗೆ ಮಾತ್ರ ತಿಂಗಳು ತಪ್ಪದೆ, ಒಂದು ಕಾಸೂ ಸೋರದೆ ಮಾಲೀಕನ ಕೈ ಸೇರುತ್ತದೆ.

"ಮಾಲೀಕರಿಗೆ ಹೇಳಲಿಲ್ಲವೇ?" ಎಂದು ನಾವು ಕೇಳಿದರೆ "ಹತ್ತು ಸಲ ಹೇಳಿದೆವು" ಎಂಬ ಉತ್ತರ ಬರುತ್ತದೆ. ಹೇಳಿದ್ದು ಹೇಗೆ? ಬಾಡಿಗೆ ಕೊಡಲು ಹೋದಾಗ ಬಾಗಿಲಲ್ಲಿ ನಿಂತು, ಸಂಕೋಚದಿಂದ, "ಮನೆ ಸ್ವಲ್ಪ ಸೋರುತ್ತದೆ, ನೋಡಬೇಕು ಸ್ವಾಮಿ" ಎಂದು. "ಆಗಲಿ, ನೋಡೋಣ" ಎಂದರು ಮಾಲೀಕರು. ಮಾತು ಗಾಳಿಗೆ ಹೋಯಿತು. ಮುಂದಿನ ಮಳೆಗಾಲದಲ್ಲಿ "ನೀನು ಯಾವಾಗ ಹೇಳಿದೆ?" ಎಂದು ಅವರೇ ತಿರುಗಿ ಕೇಳಿದರೆ ಬಾಡಿಗೆದಾರನ ಬಾಯಿ ಕಟ್ಟಿತು.

ಇದಕ್ಕೆ ಕಾರಣ ಎರಡು. ಮೊದಲನೆಯದು, ದುರಸ್ತಿಯೆಂದರೆ ಮಾಲೀಕನ ಔದಾರ್ಯವೆಂಬ ಭಾವನೆ. ಬಾಡಿಗೆ ಕೊಡುವುದು ಬರಿಯ ನಾಲ್ಕು ಗೋಡೆಗಲ್ಲ, ವಾಸಕ್ಕೆ ಯೋಗ್ಯವಾದ ಮನೆಗೆ. ತೂಕ ಕಡಮೆ ಬಂದಾಗ ಕೇಳುವುದು ಭಿಕ್ಷೆಯಲ್ಲವಾದರೆ, ಸೂರು ಸೋರಿದಾಗ ಕೇಳುವುದೂ ಭಿಕ್ಷೆಯಲ್ಲ. ಎರಡನೆಯದು, ಬರೆದು ಕೇಳದಿರುವುದು.

ಬರೆದದ್ದರ ಬೆಲೆಯನ್ನು ನಮ್ಮ ರಾಜ್ಯದ ಗೇಣಿದಾರರು ಕಷ್ಟಪಟ್ಟು ಕಲಿತಿದ್ದಾರೆ. 1974ರ ಭೂಸುಧಾರಣಾ ತಿದ್ದುಪಡಿ ಬಂದು ಉಳುವವನೇ ಒಡೆಯನಾಗುವ ಕಾಲ ಕೂಡಿದಾಗ, ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತವರಲ್ಲಿ ಪಹಣಿಯಲ್ಲಿ ಹೆಸರಿದ್ದವನ ದಾರಿ ಸುಗಮವಾಯಿತು. ಬಾಯಿಮಾತಿನ ಗೇಣಿಯಲ್ಲಿ ಉತ್ತವನು ಸಾಕ್ಷಿಗಾಗಿ ಅಲೆದನು. ಹೊಲದ ಗೇಣಿದಾರನ ಈ ಪಾಠ ಪೇಟೆಯ ಬಾಡಿಗೆದಾರನಿಗೂ ಸಲ್ಲುತ್ತದೆ.

ಕಾಯಿದೆ ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ ಒಂದು ಮಾತಿದೆ. ತಾನು ಮಾಡಿಸಲು ಬದ್ಧನಾದ ದುರಸ್ತಿಯನ್ನು ಮಾಲೀಕನು ನೋಟೀಸು ಮುಟ್ಟಿದ ಮೇಲೂ ಯುಕ್ತವಾದ ಅವಧಿಯಲ್ಲಿ ಮಾಡಿಸದೆ ಅಲಕ್ಷಿಸಿದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲಿ ಎರಡು ಶಬ್ದಗಳನ್ನು ಗಮನಿಸಬೇಕು. ಒಂದು 'ನೋಟೀಸು'. ಅದಿಲ್ಲದೆ ಹಕ್ಕೇ ಹುಟ್ಟುವುದಿಲ್ಲ. ಮತ್ತೊಂದು 'ಬದ್ಧನಾದ'. ಯಾವ ದುರಸ್ತಿಗೆ ಮಾಲೀಕನು ಬದ್ಧನೆಂಬುದು ಕರಾರಿನಿಂದಲೂ ಸ್ಥಳದ ರೂಢಿಯಿಂದಲೂ ಗೊತ್ತಾಗಬೇಕು. ಹನ್ನೊಂದು ತಿಂಗಳ ಕರಾರಿಗೆ ಓದದೆ ಸಹಿ ಹಾಕುವವರು ಎಚ್ಚರವಹಿಸಲಿ. "ಎಲ್ಲ ದುರಸ್ತಿಯೂ ಬಾಡಿಗೆದಾರನದೇ" ಎಂಬ ಒಂದು ಸಾಲು ಅದರಲ್ಲಿ ನುಸುಳಿದ್ದರೆ ಮುಂದೆ ಗೋಡೆ ಬಿದ್ದರೂ ಕೇಳುವುದು ಕಷ್ಟ. ಮಾಡು, ಗೋಡೆ, ನೀರಿನ ಕೊಳವೆ, ವಿದ್ಯುತ್ ತಂತಿ ಮಾಲೀಕನ ಪಾಲೆಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಇನ್ನು ಕಾಗದ ಬರೆಯುವ ಬಗೆ. "ಮನೆ ಹಾಳಾಗಿದೆ, ದಯವಿಟ್ಟು ಗಮನಿಸಿ" ಎಂದರೆ ಯಾರೂ ಗಮನಿಸುವುದಿಲ್ಲ. ಏನು ಕೆಟ್ಟಿದೆ, ಎಲ್ಲಿ, ಎಂದಿನಿಂದ, ಅದರಿಂದ ಏನು ಹಾನಿ, ಯಾವ ದಿನದೊಳಗೆ ಸರಿಯಾಗಬೇಕು, ಈ ಐದಕ್ಕೆ ಉತ್ತರವಿರಲಿ. ಉದಾಹರಣೆಗೆ:

"ನಾವು ತಮ್ಮ ಮೂರನೆಯ ನಂಬರಿನ ಮನೆಯಲ್ಲಿ ಬಾಡಿಗೆಗಿದ್ದೇವೆ. ಅಡಿಗೆಕೋಣೆಯ ಮೂಡಣ ಮೂಲೆಯಲ್ಲಿ ಆರು ಹೆಂಚುಗಳು ಒಡೆದಿವೆ. ಜೂನ್ 10ರಿಂದ ನೀರು ವಿದ್ಯುತ್ ತಂತಿಯ ಮೇಲೆ ಇಳಿಯುತ್ತಿದೆ, ಮಕ್ಕಳಿರುವ ಮನೆಯಾದ್ದರಿಂದ ಅಪಾಯವಿದೆ. ಜೂನ್ 25ರೊಳಗೆ ಹೆಂಚು ಹಾಕಿಸಿ ತಂತಿ ಬದಲಾಯಿಸಿಕೊಡಬೇಕು. ಕೆಲಸದವರು ಯಾವ ದಿನ ಬಂದರೂ ಬೆಳಿಗ್ಗೆ 8 ಗಂಟೆಯ ಮೇಲೆ ಮನೆಯಲ್ಲಿ ಜನರಿರುತ್ತಾರೆ."

ಇಷ್ಟು ಸಾಕು. ಬೈಗುಳ ಬೇಡ, ಗೋಗರೆಯುವುದೂ ಬೇಡ. ತಾರೀಖು ಹಾಕಿ, ಸಹಿ ಮಾಡಿ, ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮಾಲೀಕರ ಸಹಿ ಪಡೆಯಿರಿ. ಸಹಿ ಹಾಕಲು ಒಪ್ಪದಿದ್ದರೆ ಅಂಚೆಗೆ ಹಾಕಿ. ಹಳೆಯ ರಿಜಿಸ್ಟರ್ಡ್ ಅಂಚೆ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಆದ್ದರಿಂದ ನೋಂದಣಿಸಹಿತ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ರಸೀದಿಯನ್ನು ಜೋಪಾನವಾಗಿಡಿ. ಸರಿಯಾದ ವಿಳಾಸಕ್ಕೆ ಹೋದ ಕಾಗದವನ್ನು ಬೇಕೆಂದೇ ನಿರಾಕರಿಸಿದವನಿಗೂ ಅದು ಮುಟ್ಟಿದಂತೆಯೇ ನ್ಯಾಯಾಲಯಗಳು ಭಾವಿಸುತ್ತವೆ. ಕೈಯಲ್ಲಿ ಮೊಬೈಲ್ ಇರುವವರು ಒಡೆದ ಹೆಂಚಿನ ಚಿತ್ರ ತೆಗೆದು ಕಳುಹಿಸಲಿ. ಆದರೆ ಕಾಗದವನ್ನು ಬಿಡಬೇಡಿ. ಗೋಡೆ ವಾಲಿದೆ, ತಂತಿಯಲ್ಲಿ ಕಿಡಿ ಹಾರುತ್ತಿದೆ ಎಂದಾದರೆ ಆ ಕ್ಷಣವೇ ಫೋನು ಮಾಡಿ, ಅದೇ ದಿನ ಬರೆದೂ ಕಳುಹಿಸಿ.

ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸುವುದು ಹಲವರ ಅಭ್ಯಾಸ. ಇದನ್ನು ನಾವು ಖಂಡಿತ ಬೇಡವೆನ್ನುತ್ತೇವೆ. ಬಾಕಿಯ ನೆಪದಲ್ಲಿ ಮನೆ ಬಿಡಿಸುವ ಅಸ್ತ್ರವನ್ನು ನೀವೇ ಮಾಲೀಕನ ಕೈಗೆ ಕೊಟ್ಟಂತಾಗುತ್ತದೆ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಕೊಡಿ, ಇಲ್ಲವೇ ರಸೀದಿ ಪಡೆಯಿರಿ. ಖರ್ಚು ಮುರಿದುಕೊಳ್ಳುವುದೇ ಆದರೆ ಮೊದಲು ಅಂದಾಜು ಪಟ್ಟಿ ಕಳುಹಿಸಿ, ತಿಳಿದವರನ್ನು ಕೇಳಿ, ಬಿಲ್ಲುಗಳನ್ನು ಇಟ್ಟುಕೊಂಡು ಮುಂದುವರಿಯಿರಿ. ಬೀಳುವಂತಿರುವ ಕಟ್ಟಡದ ಬಗ್ಗೆ ಪುರಸಭೆಗೆ ದೂರು ಕೊಡಬಹುದು. ಆದರೆ ರಿಪೇರಿಗೆ ಬದಲು ಕೆಡವಲು ಆಜ್ಞೆಯಾದರೆ ಬೀದಿಗೆ ಬೀಳುವವರು ನೀವೇ ಎಂಬುದನ್ನು ಮೊದಲೇ ಯೋಚಿಸಬೇಕು.

ಎಲ್ಲ ಮಾಲೀಕರೂ ಧನಿಕರಲ್ಲ. ಎರಡು ಕೋಣೆ ಬಾಡಿಗೆಗೆ ಕೊಟ್ಟು ಜೀವಿಸುವ ವಿಧವೆಯರೂ ನಿವೃತ್ತ ಗುಮಾಸ್ತರೂ ಇದ್ದಾರೆ. ಅವರೊಡನೆ ಕಂತಿನ ಒಪ್ಪಂದ ಮಾಡಿಕೊಳ್ಳುವುದು ಧರ್ಮ. ಅದನ್ನೂ ಬರೆದೇ ಮಾಡಿಕೊಳ್ಳಿ. ನಲ್ಲಿಯ ವಾಷರು, ಮುರಿದ ಚಿಲಕ, ಕಟ್ಟಿದ ಬಚ್ಚಲು ಇವುಗಳಿಗೆಲ್ಲ ಮಾಲೀಕನನ್ನು ಕರೆಯುವುದೂ ನ್ಯಾಯವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಇಂಥ ಪಾಲುಪಟ್ಟಿಯೊಂದನ್ನು ಕೊಟ್ಟಿದೆ: ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳವೆ, ತಂತಿ ಮಾಲೀಕನಿಗೆ, ನಲ್ಲಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಬಾಡಿಗೆದಾರನಿಗೆ. ಬಾಡಿಗೆಗೆ ಮಿತಿಯನ್ನೇ ಹಾಕದ ಆ ಮಾದರಿಯನ್ನು ನಾವು ಒಪ್ಪುವವರಲ್ಲ. ಅದು ರಾಜ್ಯವು ಕಾಯಿದೆ ಮಾಡಿದಲ್ಲಿ ಮಾತ್ರ ಜಾರಿಗೆ ಬರುವಂಥದು. ಆದರೂ ಕರಾರು ಬರೆಯುವಾಗ ಆ ಪಟ್ಟಿಯನ್ನು ಮುಂದಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಕೊನೆಯದಾಗಿ ಮುಖ್ಯವಾದ ಮಾತು. "ಬರೆದುಕೊಟ್ಟರೆ ಮನೆ ಖಾಲಿ ಮಾಡು ಎಂದಾರು" ಎಂಬ ಭಯವಿದೆ. ಅದು ಸುಳ್ಳು ಭಯವಲ್ಲ. ಎಂಟು ಮನೆಯ ವಠಾರದಲ್ಲಿ ಒಬ್ಬ ಬರೆದರೆ ಅವನು ತಂಟೆಕೋರ, ಎಂಟು ಮಂದಿ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅದು ವಠಾರದ ಬೇಡಿಕೆ. ಎಂಟು ಮನೆ ಒಟ್ಟಿಗೆ ಖಾಲಿ ಮಾಡಿಸುವ ಧೈರ್ಯ ಯಾವ ಮಾಲೀಕನಿಗೂ ಸುಲಭವಾಗಿ ಬರುವುದಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯನ್ನು ಪ್ರಶ್ನಿಸಿದಾಗಲೂ ಒಬ್ಬೊಬ್ಬರಾಗಿ ನಿಲ್ಲಲಿಲ್ಲ, ಒಟ್ಟಾಗಿ ನಿಂತರು. ಗಿರಣಿಯಲ್ಲಿ ಸಂಘ ಕಟ್ಟಬಲ್ಲವರು ವಠಾರದಲ್ಲೇಕೆ ಕಟ್ಟಬಾರದು?

ಬರೆಯಲು ಬಾರದವರು ಸಂಕೋಚಪಡಬೇಕಿಲ್ಲ. ನಮ್ಮ ಪಕ್ಷದ ಕಛೇರಿಗೆ ಸಂಜೆ ಬಂದರೆ ಕಾಗದ ಬರೆದುಕೊಡುತ್ತೇವೆ. ಬರುವಾಗ ನೆರೆಮನೆಯವರನ್ನೂ ಕರೆತನ್ನಿ.