ವೀಸಾ ಖರೀದಿಗೂ ಔಟ್‌ಟರ್ನ್ ಪರೀಕ್ಷೆ ಬೇಡವೇ?

ಚಿಕ್ಕಮಗಳೂರು ಹಾಗೂ ಮೂಡಿಗೆರೆಯ ಪೇಟೆಗಳಲ್ಲಿ ಕಾಫಿ ಖರೀದಿಸುವ ಯಾವ ವ್ಯಾಪಾರಿಯೂ ಮೂಟೆಯ ಬಾಯಿ ಬಿಚ್ಚದೆ ದರ ಹೇಳುವುದಿಲ್ಲ. ತೇವಾಂಶ ಅಳೆದು, ಮಾದರಿಯ ಸಿಪ್ಪೆ ಬಿಡಿಸಿ, 50 ಕಿಲೋ ಚೆರ್ರಿಯಲ್ಲಿ ಎಷ್ಟು ಕಿಲೋ ಶುದ್ಧ ಬೀಜ ದೊರೆಯುವುದೆಂಬ ಔಟ್‌ಟರ್ನ್ ಲೆಕ್ಕ ಹಾಕಿದ ಮೇಲೆಯೇ ಚೀಟಿ ಬರೆಯುತ್ತಾನೆ. ಅದೇ ಪೇಟೆಯಲ್ಲಿ, ಕೆಲವೊಮ್ಮೆ ಅದೇ ವ್ಯಾಪಾರಿ ಕೊಟ್ಟ ಸಾಲದಿಂದಲೇ, ಲಕ್ಷ ಮೀರಿದ ಬೆಲೆಗೆ ಇನ್ನೊಂದು ಸರಕು ಕೈ ಬದಲಾಗುತ್ತದೆ. ಅದರ ಹೆಸರು ವೀಸಾ. ಅದಕ್ಕೆ ಮಾದರಿಯಿಲ್ಲ, ಪರೀಕ್ಷೆಯಿಲ್ಲ, ಅನೇಕ ಸಂದರ್ಭಗಳಲ್ಲಿ ರಸೀದಿಯೂ ಇಲ್ಲ. ವಿದೇಶಕ್ಕೆ ಹೋಗುವವನ ಮನೆಯ ಒಡವೆ ಅಡವಿಗೆ ಹೋಗುವುದು, ಅಂಗಡಿಯ ಉದ್ರಿ ಖಾತೆ ಬೆಳೆಯುವುದು, ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕುವುದು ಇವೆಲ್ಲ ವಾಣಿಜ್ಯ ವಲಯದ ಕಣ್ಣೆದುರೇ ನಡೆಯುತ್ತಿರುವುದರಿಂದ, ಇದು ಕೇವಲ ಕಾರ್ಮಿಕ ಇಲಾಖೆಗೆ ಅಥವಾ ವಿದೇಶಾಂಗ ಸಚಿವಾಲಯಕ್ಕೆ ಸಂಬಂಧಿಸಿದ ವಿಷಯವೆಂದು ವರ್ತಕರು ಕೈ ತೊಳೆದುಕೊಳ್ಳುವಂತಿಲ್ಲ.

ದುಡಿಮೆಗಾಗಿ ಊರು ಬಿಡುವುದು ಈ ಬೆಟ್ಟಸಾಲಿಗೆ ಹೊಸತಲ್ಲ. ಆದರೆ ಹಿಂದೆ ಹರಿವು ಒಳಮುಖವಾಗಿತ್ತು. ಕರಾವಳಿಯ ಕೂಲಿಕಾರರಿಗೆ ‘ಘಟ್ಟಕ್ಕೆ ಹೋಗುವುದು’ ಎಂದರೆ ಕಾಫಿ ತೋಟದ ಕೆಲಸಕ್ಕೆ ಹೋಗುವುದೆಂದೇ ಅರ್ಥ. ತುಳುನಾಡಿನಿಂದಲೂ, ಬಯಲುಸೀಮೆಯಿಂದಲೂ, ತಮಿಳು ಜಿಲ್ಲೆಗಳಿಂದಲೂ ಮೇಸ್ತ್ರಿಗಳು ಆಳುಗಳನ್ನು ಕರೆತರುತ್ತಿದ್ದರು. ತೋಟದ ಮಾಲೀಕ ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದ, ಮೇಸ್ತ್ರಿ ಆಳಿಗೆ ಕೊಡುತ್ತಿದ್ದ, ಆಳು ಅದನ್ನು ದುಡಿದು ತೀರಿಸುತ್ತಿದ್ದ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯೆಂದು ಪರಿಗಣಿಸುವ 1859ರ ಕಾಯಿದೆಯೊಂದು ಬ್ರಿಟಿಷ್ ಆಡಳಿತದ ಭಾರತದಲ್ಲಿ 1920ರ ದಶಕದವರೆಗೂ ಜಾರಿಯಲ್ಲಿತ್ತು. ಆ ಪದ್ಧತಿಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು: ಅಂದು ಆಳನ್ನು ಕರೆತರುವ ಖರ್ಚನ್ನು ಮೊದಲು ಹೂಡುತ್ತಿದ್ದವನು ಮಾಲೀಕ. ಇಂದು ಕಳಸದಿಂದ ರಿಯಾದಿಗೆ, ಬಾಳೆಹೊನ್ನೂರಿನಿಂದ ದುಬೈಗೆ ಹೊರಡುವ ಯುವಕ ತನ್ನ ಕೆಲಸಕ್ಕೆ ತಾನೇ ಮುಂಗಡ ಕೊಟ್ಟು ಹೋಗುತ್ತಿದ್ದಾನೆ. ಮುಂಗಡದ ದಿಕ್ಕೇ ತಿರುಗಿದೆ.

ಅತ್ತ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್, ಬಿಹಾರಗಳ ಕಾರ್ಮಿಕರು ಹಣ್ಣು ಕುಯ್ಯುತ್ತಿದ್ದಾರೆ. ಇತ್ತ ಊರಿನ ಹುಡುಗರು ಚಾರ್ಮಾಡಿ ಘಾಟಿ ಇಳಿದು ಮಂಗಳೂರು ವಿಮಾನ ನಿಲ್ದಾಣದ ಹಾದಿ ಹಿಡಿದಿದ್ದಾರೆ. ಇದನ್ನು ಕಂಡು ಹಳಬರು ನಿಟ್ಟುಸಿರು ಬಿಡುವುದುಂಟು. ಆದರೆ ಕುದುರೆಮುಖದ ಅದಿರು ಗಣಿ 2005ರ ಡಿಸೆಂಬರ್ ಅಂತ್ಯಕ್ಕೆ ನಿಂತ ಬಳಿಕ, ಯಂತ್ರದ ಕೆಲಸ ಕಲಿತ ಕೈಗಳಿಗೆ ಕಳಸದ ಸುತ್ತಮುತ್ತ ಅಂಥ ಇನ್ನೊಂದು ದೊಡ್ಡ ಉದ್ದಿಮೆ ಬರಲಿಲ್ಲವೆಂಬುದನ್ನು ನೆನೆದರೆ ಈ ನಿಟ್ಟುಸಿರಿಗೆ ಹೆಚ್ಚಿನ ಬೆಲೆಯಿಲ್ಲ. ಹೋಗುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಅವರು ಎಷ್ಟು ಕೊಟ್ಟು ಹೋಗುತ್ತಿದ್ದಾರೆ, ಯಾವ ಕಾಗದದ ಮೇಲೆ ಹೋಗುತ್ತಿದ್ದಾರೆ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಕಾನೂನು ಇಲ್ಲವೆಂದಲ್ಲ. 1983ರ ವಲಸೆ ಕಾಯಿದೆಯನ್ವಯ ವಿದೇಶೀ ಉದ್ಯೋಗಕ್ಕೆ ಜನರನ್ನು ನೇಮಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿತನಾಗಿರಬೇಕು. ಅಭ್ಯರ್ಥಿಯಿಂದ ಆತ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ, ಶೇ. 18ರ ಜಿ.ಎಸ್.ಟಿ. ಸೇರಿದರೆ 35,400. ಅದಕ್ಕೆ ರಸೀದಿ ಕೊಡಲೇಬೇಕು. ಪೇಟೆಯಲ್ಲಿ ಕೇಳಿಬರುವ ಲಕ್ಷ, ಒಂದೂವರೆ ಲಕ್ಷದ ಮಾತುಗಳಿಗೂ ಈ ಮೊತ್ತಕ್ಕೂ ಇರುವ ಅಂತರವು ಉಪ ಏಜೆಂಟ್, ಅವನ ಉಪ ಏಜೆಂಟ್, ಊರಿನ ‘ಪರಿಚಯದವರು’ ಎಂಬ ಸರಪಳಿಯಲ್ಲಿ ಹಂಚಿಹೋಗುತ್ತದೆ. ಕಾಯಿದೆಯ ದೃಷ್ಟಿಯಲ್ಲಿ ಈ ಸರಪಳಿಗೆ ಅಸ್ತಿತ್ವವೇ ಇಲ್ಲ. ಶಿಕ್ಷೆಯೋ, ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು 2,000 ರೂಪಾಯಿವರೆಗಿನ ದಂಡ. ಜಿ.ಎಸ್.ಟಿ. ವಿವರಪಟ್ಟಿ ತಡವಾಗಿ ಸಲ್ಲಿಸಿ ಅದಕ್ಕಿಂತ ಹೆಚ್ಚು ತೆತ್ತವರು ಈ ಪುಟಗಳ ಓದುಗರಲ್ಲೇ ಇರಬಹುದು.

ಇನ್ನು ವಲಸೆ ಅನುಮತಿಯ ವಿಚಾರ. ಕೊಲ್ಲಿಯ ಆರು ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ, ಹತ್ತನೆಯ ತರಗತಿ ತೇರ್ಗಡೆಯಾಗದವರಿಗೆ ವಲಸೆ ಸಂರಕ್ಷಕರ ಅನುಮತಿ ಕಡ್ಡಾಯ. ಬಾಬಾ ಬುಡನ್ ಅವರು ಕಾಫಿ ಬೀಜ ತಂದರೆಂದು ಪ್ರತೀತಿಯಿರುವ ಯೆಮೆನ್ ಕೂಡ ಇದೇ ಪಟ್ಟಿಯಲ್ಲಿದೆ. ಅನುಮತಿ ಬೇಕಾದವನ ಉದ್ಯೋಗ ಕರಾರು ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನ, ಅಪಘಾತ ಮರಣಕ್ಕೆ 10 ಲಕ್ಷ ರೂಪಾಯಿ ಪರಿಹಾರವಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅವನಿಗೆ ಕಡ್ಡಾಯ. ಎಸ್.ಎಸ್.ಎಲ್.ಸಿ. ಪಾಸಾದವನಿಗೆ ಇದಾವುದರ ಅಗತ್ಯವೂ ಇಲ್ಲ. ಮೇಲ್ನೋಟಕ್ಕೆ ಇದು ಸ್ವಾತಂತ್ರ್ಯ. ಆದರೆ ಇಂದು ಮಲೆನಾಡಿನಲ್ಲಿ ಎಸ್.ಎಸ್.ಎಲ್.ಸಿ. ಮುಟ್ಟದ ಹುಡುಗರು ವಿರಳ. ಹಾಗಾಗಿ ಇಲ್ಲಿಂದ ಹೊರಡುವ ಚಾಲಕ, ಅಡುಗೆಯವ, ವೆಲ್ಡರ್, ಅಂಗಡಿ ಸಹಾಯಕ ಇವರಲ್ಲಿ ಹೆಚ್ಚಿನವರು ಕಾನೂನಿನ ಕಣ್ಣಿಗೆ ಬೀಳದೆಯೇ ವಿಮಾನ ಹತ್ತುತ್ತಾರೆ. ಹತ್ತನೆಯ ತರಗತಿಯ ಅಂಕಪಟ್ಟಿ ಅವರನ್ನು ತಪಾಸಣೆಯಿಂದ ಬಿಡಿಸುವುದರ ಜೊತೆಗೆ ರಕ್ಷಣೆಯಿಂದಲೂ ಬಿಡಿಸಿಬಿಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಯುವಕ ಒಂದೂವರೆ ಲಕ್ಷ ರೂಪಾಯಿ ಸಾಲ ಮಾಡಿ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ, ಎರಡು ವರ್ಷದ ಕರಾರಿನ ಮೇಲೆ ಸೌದಿ ಅರೇಬಿಯಾಕ್ಕೆ ಹೋದನೆಂದು ಇಟ್ಟುಕೊಳ್ಳಿ. ಸಂಬಳ 1,200 ರಿಯಾಲ್. ಊಟ, ದೂರವಾಣಿ, ಇತರ ಖರ್ಚು 400 ಕಳೆದರೆ ಉಳಿಯುವುದು 800. ರಿಯಾಲಿಗೆ 23 ರೂಪಾಯಿಯಂತೆ 18,400 ರೂಪಾಯಿ. ಮನೆಯ ಖರ್ಚಿಗೆ 8,000 ತೆಗೆದಿಟ್ಟರೆ ಸಾಲಕ್ಕೆ ಸಿಗುವುದು 10,400. ಮೊದಲ ತಿಂಗಳಲ್ಲಿ ಅದರಲ್ಲಿ 3,000 ಬಡ್ಡಿಗೇ ಹೋಗುತ್ತದೆ. ಉಳಿದದ್ದನ್ನು ಅಸಲಿಗೆ ಹೊಂದಿಸುತ್ತಾ ಹೋದರೂ ಸಾಲ ತೀರಲು 17 ತಿಂಗಳು ದಾಟುತ್ತದೆ. ಕರಾರು ಮುಗಿಯುವ ವೇಳೆಗೆ ಅವನ ಕೈಯಲ್ಲಿ ಉಳಿಯುವುದು ಸುಮಾರು 70 ಸಾವಿರ. ಇದೇ ಯುವಕ ಕಾನೂನುಬದ್ಧ ಶುಲ್ಕ, ವೈದ್ಯಕೀಯ ತಪಾಸಣೆ ಇತ್ಯಾದಿಗಳಿಗೆ ಒಟ್ಟು 50 ಸಾವಿರವಷ್ಟೇ ಸಾಲ ಮಾಡಿದ್ದರೆ ಐದು ತಿಂಗಳಿನ ಸುಮಾರಿಗೆ ಋಣಮುಕ್ತನಾಗಿ, ಎರಡು ಲಕ್ಷಕ್ಕೆ ಹತ್ತಿರದ ಹಣದೊಡನೆ ಹಿಂತಿರುಗುತ್ತಿದ್ದ. ದುಡಿಮೆ ಒಂದೇ, ಸಂಬಳ ಒಂದೇ. ವ್ಯತ್ಯಾಸ ಬರುವುದು ಖರೀದಿ ಬೆಲೆಯಲ್ಲಿ. ಸಂಬಳ ಮೊದಲ ತಿಂಗಳಿನಿಂದಲೇ ಬರುತ್ತದೆ, ಕೆಲಸ ನಡುವೆ ತಪ್ಪುವುದಿಲ್ಲ ಎಂಬ ಎರಡು ಊಹೆಗಳ ಮೇಲೆ ಈ ಲೆಕ್ಕ ನಿಂತಿದೆಯೆಂಬುದನ್ನೂ ಗಮನಿಸಬೇಕು. ಎರಡೂ ಬಹಳ ಉದಾರವಾದ ಊಹೆಗಳು.

ವೀಸಾದಲ್ಲಿ ಬಗೆಗಳುಂಟು. ಭೇಟಿ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಿಕೊಳ್ಳಬಹುದೆಂಬ ಭರವಸೆ ಅತ್ಯಂತ ಅಪಾಯಕಾರಿ. ಪರವಾನಗಿಯಿಲ್ಲದೆ ಕೆಲಸ ಕೊಡುವ ಮಾಲೀಕನಿಗೆ ಸಂಯುಕ್ತ ಅರಬ್ ಸಂಸ್ಥಾನವು 2024ರಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ನಿಗದಿಪಡಿಸಿತು. ‘ಆಜಾದ್ ವೀಸಾ’ ಎಂಬುದು ಯಾವ ದೇಶದ ಕಾನೂನಿನಲ್ಲೂ ಇಲ್ಲದ ಸರಕು: ಹೆಸರಿಗೆ ಒಬ್ಬ ಪ್ರಾಯೋಜಕ, ದುಡಿಮೆ ಇನ್ನೊಬ್ಬನಲ್ಲಿ. ಸೌದಿ ಸರ್ಕಾರ 2011ರಲ್ಲಿ ನಿತಾಖತ್ ನಿಯಮ ತಂದು ಸ್ಥಳೀಯರ ನೇಮಕಾತಿಗೆ ಅನುಗುಣವಾಗಿ ಸಂಸ್ಥೆಗಳನ್ನು ಬಣ್ಣಗಳಲ್ಲಿ ವಿಂಗಡಿಸಿ, 2013ರಲ್ಲಿ ತಪಾಸಣೆ ಬಿಗಿಗೊಳಿಸಿದಾಗ ಮೊದಲು ಗಂಟುಮೂಟೆ ಕಟ್ಟಬೇಕಾದವರು ಇಂಥವರೇ. 2017ರ ಜುಲೈನಿಂದ ಕುಟುಂಬದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂದು, ವರ್ಷದಿಂದ ವರ್ಷಕ್ಕೆ ಏರಿ 400ಕ್ಕೆ ಮುಟ್ಟಿತು. ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡಿದ್ದ ಮಧ್ಯಮ ಸಂಬಳದವರ ಲೆಕ್ಕಾಚಾರ ತಲೆಕೆಳಗಾಯಿತು.

ಒಳ್ಳೆಯ ಬದಲಾವಣೆಗಳೂ ಆಗಿವೆ. ಕತಾರ್ 2020ರಲ್ಲಿ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿ, 2021ರ ಮಾರ್ಚಿನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಮೂಲ ವೇತನ ಗೊತ್ತುಪಡಿಸಿತು. ಆದರೂ 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಕರಾರು ಪತ್ರದಲ್ಲಿ ವಸತಿಯ ಸಾಲನ್ನು ಯಾರೂ ಓದುವುದಿಲ್ಲ; ಓದಬೇಕು.

ಮೂಲ ವೇತನದ ಸಾಲನ್ನಂತೂ ಬೆರಳಿಟ್ಟು ಓದಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೇವಾಂತ್ಯದ ಉಪದಾನವನ್ನು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲೆ 30 ದಿನಗಳ ಮೂಲ ವೇತನದಂತೆ ಲೆಕ್ಕ ಹಾಕುತ್ತಾರೆ. ಒಟ್ಟು ಸಂಬಳ 1,500 ದಿರ್ಹಮ್ ಎಂದು ಹೇಳಿ ಮೂಲ ವೇತನ 600 ಎಂದು ಬರೆದ ಕರಾರಿಗೂ, 1,200 ಎಂದು ಬರೆದ ಕರಾರಿಗೂ ತಿಂಗಳ ಕೈಸಂಬಳದಲ್ಲಿ ವ್ಯತ್ಯಾಸವಿಲ್ಲ; ಬಿಟ್ಟು ಬರುವ ದಿನ ಉಪದಾನ ಮಾತ್ರ ಅರ್ಧಕ್ಕರ್ಧ.

ಉದ್ಯೋಗಾವಕಾಶದ ದಿಕ್ಕು ಕೂಡ ಬದಲಾಗಿದೆ. ಬರೀ ಕೈಗೆ ಬೇಡಿಕೆ ತಗ್ಗಿ, ಪ್ರಮಾಣಪತ್ರವಿರುವ ಕೈಗೆ ಬೇಡಿಕೆ ಏರುತ್ತಿದೆ. ಸೌದಿ ಅರೇಬಿಯಾ 2022ರ ಕೊನೆಯಲ್ಲಿ ಭಾರತದಲ್ಲಿಯೇ ಕೌಶಲ್ಯ ಪರಿಶೀಲನೆ ಆರಂಭಿಸಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಮೊದಲಾದವರು ವೀಸಾಕ್ಕೆ ಮುನ್ನ ಪರೀಕ್ಷೆ ಎದುರಿಸುವಂತೆ ಮಾಡಿತು. ಪಲ್ಪರ್ ಯಂತ್ರದ ಮೋಟಾರು ಬಿಚ್ಚಿ ಜೋಡಿಸಬಲ್ಲ, ತೋಟದ ಪಂಪ್‌ಸೆಟ್ ಸರಿಪಡಿಸಬಲ್ಲ ಹುಡುಗರು ಮೂಡಿಗೆರೆಯ ವರ್ಕ್‌ಶಾಪುಗಳಲ್ಲಿ ಇದ್ದಾರೆ. ಅವರ ಬಳಿ ವಿದ್ಯೆಯಿದೆ, ಕಾಗದವಿಲ್ಲ. ಜರ್ಮನಿಯು 2024ರ ಅಕ್ಟೋಬರಿನಲ್ಲಿ ಕುಶಲ ಭಾರತೀಯರಿಗೆ ಕೊಡುವ ವೀಸಾಗಳ ವಾರ್ಷಿಕ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಅಲ್ಲಿಯೂ ಭಾಷೆ ಮತ್ತು ಪ್ರಮಾಣಪತ್ರವೇ ಬಾಗಿಲು. ಇಂಗ್ಲೆಂಡು 2025ರ ಜುಲೈ 22ರಿಂದ ಆರೈಕೆ ಕಾರ್ಯಕರ್ತರ ವಿದೇಶೀ ನೇಮಕಾತಿಯನ್ನು ನಿಲ್ಲಿಸಿದ್ದು, ಅಮೆರಿಕವು ಅದೇ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ್ದು ಎಲ್ಲರಿಗೂ ತಿಳಿದದ್ದೇ. ಓದಿದವನಿಗೂ ವೀಸಾ ಶಾಶ್ವತ ಆಸ್ತಿಯಲ್ಲ.

ಹೊರಗೆ ದುಡಿದ ಹಣ ಊರಿಗೆ ಬಂದ ಮೇಲಿನ ಕತೆ ಇನ್ನೊಂದು. ಬೆಟ್ಟದ ಸೀಮೆಯವನಿಗೆ ಹಣ ಕೂಡಿತೆಂದರೆ ಮೊದಲ ಆಸೆ ಪಕ್ಕದ ಎರಡು ಎಕರೆ ತೋಟ. ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ (ಫೆಮಾ) ನಿಯಮಗಳ ಪ್ರಕಾರ ಅನಿವಾಸಿ ಭಾರತೀಯನು ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು, ನಿವಾಸಿಯಾಗಿದ್ದಾಗ ಕೊಂಡುದನ್ನು ಇಟ್ಟುಕೊಳ್ಳಬಹುದು. ಈ ನಿಯಮ ತಿಳಿಯದೆ ಕ್ರಯಪತ್ರ ಮಾಡಿಸಿದವರೂ, ತಿಳಿದು ಅಣ್ಣತಮ್ಮಂದಿರ ಹೆಸರಿಗೆ ಮಾಡಿಸಿ ಹತ್ತು ವರ್ಷದ ಬಳಿಕ ನ್ಯಾಯಾಲಯದ ಮೆಟ್ಟಿಲು ಹತ್ತುವವರೂ ಉಂಟು. ಊರಿನ ಹಳೆಯ ಉಳಿತಾಯ ಖಾತೆಯನ್ನೇ ಮುಂದುವರಿಸುವುದೂ ತಪ್ಪು, ಅದನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಿ, ಹೊರಗಿನ ಗಳಿಕೆಗೆ ಎನ್.ಆರ್.ಇ. ಖಾತೆ ತೆರೆಯಬೇಕು.

ಹಾಗಾದರೆ ವಾಣಿಜ್ಯ ಮಂಡಳಿಗಳು ಮಾಡಬೇಕಾದುದೇನು? ವೀಸಾಕ್ಕೆಂದು ಸಾಲ ಕೊಡುವ, ಜಾಮೀನು ನಿಲ್ಲುವ ವರ್ತಕನು ಏಜೆಂಟನ ನೋಂದಣಿ ಸಂಖ್ಯೆ, ಕರಾರಿನ ಪ್ರತಿ, ಜಿ.ಎಸ್.ಟಿ. ಸಹಿತ ರಸೀದಿ ಕೇಳಿಯೇ ಹಣ ಬಿಡುಗಡೆ ಮಾಡುವುದು ಮೊದಲ ಹೆಜ್ಜೆ. ಇದರಲ್ಲಿ ಪರೋಪಕಾರಕ್ಕಿಂತ ಹೆಚ್ಚಾಗಿ ಅವನ ಅಸಲಿನ ಭದ್ರತೆಯೇ ಇದೆ. ಹಣವನ್ನು ಏಜೆಂಟನ ಬ್ಯಾಂಕ್ ಖಾತೆಗೆ ನೇರವಾಗಿ ಪಾವತಿಸಿದರಂತೂ ಸರಪಳಿಯ ಅರ್ಧ ಕೊಂಡಿಗಳು ತಾವೇ ಕಳಚಿಕೊಳ್ಳುತ್ತವೆ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ. ಬೆಂಗಳೂರಿನಲ್ಲಿ ವಲಸೆ ಸಂರಕ್ಷಕರ ಕಚೇರಿಯಿದೆ. ಕಳಸದಿಂದ ಬೆಂಗಳೂರಿಗೆ ಒಂದು ಸಂದೇಹ ಕೇಳಲು ಹೋಗಿ ಬರುವುದೆಂದರೆ ಎರಡು ದಿನದ ಕೂಲಿ ಮತ್ತು ಬಸ್ ಖರ್ಚು. ಆ ಅಧಿಕಾರಿಗಳನ್ನು ಮೂರು ತಿಂಗಳಿಗೊಮ್ಮೆ ಚಿಕ್ಕಮಗಳೂರಿಗೆ ಕರೆಸಿ, ಕರಾರು ಪತ್ರಗಳನ್ನು ಓದಿ ಹೇಳುವ ಶಿಬಿರ ನಡೆಸುವುದು ಮಂಡಳಿಗಳಿಗೆ ಭಾರವಾಗದು. 1983ರ ಕಾಯಿದೆಯ ಸ್ಥಾನದಲ್ಲಿ ಬರಬೇಕಾದ ಹೊಸ ಮಸೂದೆಯ ಕರಡನ್ನು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಎಸ್.ಎಸ್.ಎಲ್.ಸಿ. ಪಾಸಾದವರಿಗೂ ಕರಾರು ನೋಂದಣಿ ಮತ್ತು ವಿಮೆ ಕಡ್ಡಾಯವಾಗಲಿ ಎಂಬ ಒಂದೇ ಬೇಡಿಕೆಯನ್ನಾದರೂ ಸಂಸದರ ಮೂಲಕ ದೆಹಲಿಗೆ ತಲುಪಿಸಬಹುದು.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಇನ್ನಷ್ಟು ಹುಡುಗರು ಊರು ಬಿಡುವರು, ಕ್ಯೂರಿಂಗ್ ವರ್ಕ್ಸ್‌ಗೂ ಗ್ಯಾರೇಜಿಗೂ ಆಳು ಸಿಗದು ಎಂಬ ಆಕ್ಷೇಪ ಬರುವುದು ಸಹಜ. ಆದರೆ ಸಾಲದಲ್ಲಿ ಸಿಲುಕಿದವನು ಬೇಗ ಹಿಂತಿರುಗುವುದಿಲ್ಲ. ಒಂದು ಕರಾರಿನ ಮೇಲೆ ಇನ್ನೊಂದು ಕರಾರು ಮಾಡಿಕೊಂಡು ಅಲ್ಲಿಯೇ ಉಳಿಯುತ್ತಾನೆ. ಎರಡು ಲಕ್ಷ ಕೂಡಿಸಿಕೊಂಡವನು ಬಂದು ಬಣಕಲ್‌ನಲ್ಲೋ ಕೊಟ್ಟಿಗೆಹಾರದಲ್ಲೋ ತನ್ನದೇ ವರ್ಕ್‌ಶಾಪು ತೆರೆಯಬಲ್ಲ, ಅಂಗಡಿಯ ಹಳೆಯ ಉದ್ರಿಯನ್ನೂ ತೀರಿಸಬಲ್ಲ. ಮೊದಲ ಶಿಬಿರವನ್ನು ರೋಬಸ್ಟಾ ಕೊಯ್ಲು ಮುಗಿಯುವ ಮಾರ್ಚ್ ತಿಂಗಳಿನಲ್ಲಿ, ಸಂತೆಯ ದಿನ ನೋಡಿ ಇಟ್ಟುಕೊಂಡರೆ ತೋಟದವರಿಗೂ ಪೇಟೆಯವರಿಗೂ ಬಿಡುವಿರುತ್ತದೆ.